ಪ್ರಿಯಸ್‌ಗೆ ನಾಲ್ಕು ಹೊಸ ಟೈರ್ ಸೆನ್ಸರ್: 660 ಡಾಲರ್ ಕೆಲಸ 260ರಲ್ಲಿ ಮುಗಿದದ್ದು ಹೇಗೆ

ಗಾಡಿ 2013ರ ಟೊಯೋಟಾ ಪ್ರಿಯಸ್. ಕಂಪನಿಯದೇ 15 ಇಂಚಿನ ಅಲಾಯ್ ಚಕ್ರ, 195/65 ಟೈರ್. ನಾವಿರುವುದು ಮಿಚಿಗನ್‌ನ ನೋವೈಯಲ್ಲಿ, ಡೆಟ್ರಾಯಿಟ್ ಪಕ್ಕ. ಚಳಿಗಾಲದಲ್ಲಿ ರಸ್ತೆಗೆ ರಾಶಿ ರಾಶಿ ಉಪ್ಪು ಸುರಿಯುವ ಊರು. ಈ ಉಪ್ಪಿನ ವಿಷಯ ಮುಂದೆ ಬರುತ್ತದೆ.

ಟೈರ್ ಒತ್ತಡದ ಹಳದಿ ದೀಪ ಹತ್ತಿತು. ಒಬ್ಬ ಡೀಲರ್ ಹತ್ತಿರ ವಿಚಾರಿಸಿದೆ. ಸೆನ್ಸರ್, ಕೂಲಿ, ಪ್ರೋಗ್ರಾಮಿಂಗ್ ಎಲ್ಲ ಸೇರಿ ಒಂದು ಚಕ್ರಕ್ಕೆ 165 ಡಾಲರ್ ಅಂದರು. ನಾಲ್ಕಕ್ಕೆ 660, ಮೇಲೆ ಟ್ಯಾಕ್ಸ್. ಇಷ್ಟು ಹಳೆಯ ಗಾಡಿಗೆ ಅಷ್ಟು ಸುರಿಯಲು ಮನಸ್ಸಾಗಲಿಲ್ಲ. ಹಾಗಂತ ದೀಪವನ್ನು ಕಡೆಗಣಿಸಿ ಓಡಾಡಲೂ ಇಷ್ಟವಿರಲಿಲ್ಲ. ಫ್ರೀವೇಯಲ್ಲಿ ಮಕ್ಕಳನ್ನು ಕೂರಿಸಿಕೊಂಡು 70 ಮೈಲಿ ವೇಗದಲ್ಲಿ ಹೋಗುತ್ತಿರುವಾಗ ಒಂದು ಟೈರ್ ಮೆಲ್ಲಗೆ ಗಾಳಿ ಬಿಡುತ್ತಿದ್ದರೆ ಅದು ನನಗೆ ಗೊತ್ತಾಗಲೇಬೇಕು. ಸುಮ್ನೆ ಹತ್ತಿಯೇ ಇರುವ ದೀಪ ಅದನ್ನು ಹೇಳುವುದಿಲ್ಲ.

ಪ್ರತಿ ಚಕ್ರದೊಳಗೂ ಒಂದು ಸೆನ್ಸರ್ ಇದ್ದು, ಟೈರಿನ ಒತ್ತಡವನ್ನು ತನ್ನದೇ ಒಂದು ನಂಬರಿನ (ಐಡಿ) ಜೊತೆ ರೇಡಿಯೋ ಮೂಲಕ ಗಾಡಿಯ ಕಂಪ್ಯೂಟರಿಗೆ ಕಳಿಸುತ್ತದೆ. ಕಂಪ್ಯೂಟರ್ ಕೇಳುವುದು ತನ್ನಲ್ಲಿ ದಾಖಲಾದ ನಂಬರುಗಳನ್ನು ಮಾತ್ರ. ಖರ್ಚು ಉಳಿಯುವ ದಾರಿ ಒಂದೇ ಮಾತಿನದು. ಹೊಸ ಸೆನ್ಸರಿಗೆ ಹಳೆಯ ಸೆನ್ಸರಿನ ನಂಬರನ್ನೇ ಬರೆದುಬಿಡಬೇಕು. ಆಗ ಗಾಡಿಯ ಕಂಪ್ಯೂಟರನ್ನು ಮುಟ್ಟುವ ಕೆಲಸವೇ ಇರುವುದಿಲ್ಲ. ಕೆಳಗಿರುವುದೆಲ್ಲ ಆ ಒಂದು ಕೆಲಸದ ಸುತ್ತ ನಡೆದದ್ದು.

1. ದೀಪ ಏನು ಹೇಳುತ್ತಿದೆ ಅಂತ ನೋಡಿದ್ದು

ಈ ದೀಪ ಎರಡು ಥರ ಹತ್ತುತ್ತದೆ. ಗಾಡಿ ಆನ್ ಮಾಡಿದ ಕೂಡಲೇ ಹತ್ತಿ ಅಲುಗಾಡದೆ ಉರಿಯುತ್ತಿದ್ದರೆ ಯಾವುದೋ ಟೈರಿನಲ್ಲಿ ಗಾಳಿ ಕಡಿಮೆ. ಮೊದಲು ಒಂದು ನಿಮಿಷ ಮಿಣುಕಿ, ಆಮೇಲೆ ನಿಂತು ಉರಿದರೆ ವ್ಯವಸ್ಥೆಯಲ್ಲೇ ದೋಷ. ಹೆಚ್ಚಾಗಿ ಒಂದು ಸೆನ್ಸರಿನ ಬ್ಯಾಟರಿ ಸತ್ತಿರುತ್ತದೆ. ನನ್ನದು ಮಿಣುಕುತ್ತಿತ್ತು.

ಆದರೂ ಮೊದಲು ಗೇಜ್ ಹಿಡಿದು ನಾಲ್ಕೂ ಟೈರ್ ನೋಡಿದೆ. ಡ್ರೈವರ್ ಬಾಗಿಲ ಕಂಬದ ಚೀಟಿಯಲ್ಲಿ ಮುಂದೆ 35, ಹಿಂದೆ 33 ಪಿಎಸ್‌ಐ ಅಂತಿದೆ. ಬೆಳಿಗ್ಗೆ ಗಾಡಿ ಓಡಿಸುವ ಮುಂಚೆ, ಟೈರ್ ತಣ್ಣಗಿರುವಾಗ ಅಳೆಯಬೇಕು. ಹೊರಗಿನ ತಾಪಮಾನ 10 ಡಿಗ್ರಿ ಫ್ಯಾರನ್‌ಹೀಟ್ ಇಳಿದರೆ ಸುಮಾರು 1 ಪಿಎಸ್‌ಐ ಇಳಿಯುತ್ತದೆ. ಅಕ್ಟೋಬರಿನ 60 ಡಿಗ್ರಿಯಲ್ಲಿ ಸರಿಯಾಗಿ ತುಂಬಿದ ಟೈರ್ ಡಿಸೆಂಬರಿನ 10 ಡಿಗ್ರಿಯಲ್ಲಿ 5 ಪಿಎಸ್‌ಐ ಕಳೆದುಕೊಂಡಿರುತ್ತದೆ. ಈ ದೇಶದಲ್ಲಿ ಮೊದಲ ಚಳಿಯ ಬೆಳಿಗ್ಗೆ ಎಷ್ಟೋ ಗಾಡಿಗಳಲ್ಲಿ ದೀಪ ಹತ್ತುವುದು ಇದಕ್ಕೇ. ಅದಕ್ಕೆ ಸೆನ್ಸರ್ ಬದಲಿಸಬೇಕಿಲ್ಲ, ಗಾಳಿ ಹೊಡೆದರೆ ಸಾಕು.

ಇನ್ನೊಂದು ವಿಷಯ. ಅಮೆರಿಕದ ನಿಯಮದ ಪ್ರಕಾರ ಒತ್ತಡ ಚೀಟಿಯಲ್ಲಿರುವುದಕ್ಕಿಂತ ಶೇಕಡಾ 25 ಇಳಿದಾಗ ದೀಪ ಹತ್ತಬೇಕು. 35ರಲ್ಲಿ ಅದು ಸುಮಾರು 26. ದೀಪ ಹತ್ತುವ ಹೊತ್ತಿಗೆ ಟೈರ್ ಆಗಲೇ ಸಾಕಷ್ಟು ಸೊರಗಿರುತ್ತದೆ. ಸೆನ್ಸರ್ ಎಷ್ಟೇ ಚೆನ್ನಾಗಿದ್ದರೂ ತಿಂಗಳಿಗೊಮ್ಮೆ ಗೇಜ್ ಹಿಡಿಯುವುದನ್ನು ಬಿಡಬೇಡಿ.

2. ಒಂದು ತುಂಡು ವೈರಿನಲ್ಲಿ ಕೋಡ್ ಓದಿದ್ದು

ಗಾಡಿಯ ಕಂಪ್ಯೂಟರಿನಿಂದ ದೋಷದ ಕೋಡ್ ಓದುವ ಸಾದಾ ಒಬಿಡಿ ಸ್ಕ್ಯಾನರ್ ಹಾಕಿದೆ. ಎಂಜಿನ್ ಕೋಡ್ ಮಾತ್ರ ಓದಿತು, ಟೈರ್ ಕಂಪ್ಯೂಟರಿನ ಗೊಡವೆಗೇ ಹೋಗಲಿಲ್ಲ. 20 ಡಾಲರಿನ ಸ್ಕ್ಯಾನರುಗಳ ಕಥೆ ಬಹುತೇಕ ಇಷ್ಟೇ.

ಟೊಯೋಟಾದಲ್ಲಿ ಇದಕ್ಕೆ ಖರ್ಚಿಲ್ಲದ ದಾರಿ ಇದೆ. ಸ್ಟೀರಿಂಗ್ ಕೆಳಗಿನ ಒಬಿಡಿ ಸಾಕೆಟ್ಟಿನಲ್ಲಿ 16 ಪಿನ್ ಇರುತ್ತವೆ. ಮೇಲಿನ ಸಾಲು 1ರಿಂದ 8, ಕೆಳಗಿನದು 9ರಿಂದ 16. ಅದರಲ್ಲಿ 4 ಮತ್ತು 13ನ್ನು ಒಂದು ವೈರಿನಿಂದ ಜೋಡಿಸಬೇಕು. 4 ಅಂದರೆ ಗ್ರೌಂಡ್ (ಅರ್ಥ್), 13 ಅಂದರೆ ಟಿಸಿ, ಕೋಡ್‌ಗಳನ್ನು ದೀಪದಲ್ಲಿ ಮಿಣುಕಿಸುವ ಪಿನ್. ಆಮೇಲೆ ಬ್ರೇಕ್ ತುಳಿಯದೆ ಪವರ್ ಬಟನ್ ಎರಡು ಸಲ ಒತ್ತಿದರೆ ಗಾಡಿ 'ರೆಡಿ' ಆಗದೆ ಇಗ್ನಿಷನ್ ಮಾತ್ರ ಆನ್ ಆಗುತ್ತದೆ. ಡ್ಯಾಶ್‌ಬೋರ್ಡಿನ ದೀಪಗಳೆಲ್ಲ ಒಟ್ಟಿಗೆ ಮಿಣುಕಲು ಶುರು ಮಾಡುತ್ತವೆ. ಗಾಬರಿಯಾಗಬೇಡಿ. ಒಂದೇ ಸಮ ಮಿಣುಕುವ ದೀಪಕ್ಕೆ ದೋಷವಿಲ್ಲ ಅಂತ ಅರ್ಥ. ತಡೆದು ತಡೆದು ಮಿಣುಕುವುದು ಕೋಡ್.

ನನ್ನ ಟೈರ್ ದೀಪ ಎರಡು ಸಲ ಮಿಣುಕಿ, ತುಸು ನಿಂತು, ಮತ್ತೆ ಎರಡು ಸಲ ಮಿಣುಕಿತು. ಅಂದರೆ 22. ಪೂರ್ತಿ ಕೋಡ್ ಸಿ2122: ಎರಡನೇ ಐಡಿಯ ಸೆನ್ಸರಿನಿಂದ ಸಿಗ್ನಲ್ ಬರುತ್ತಿಲ್ಲ. 21ರಿಂದ 24ರವರೆಗೆ ನಾಲ್ಕು ಸೆನ್ಸರಿಗೆ ನಾಲ್ಕು ಕೋಡ್. 71 ಬಂದರೆ ಐಡಿಗಳೇ ದಾಖಲಾಗಿಲ್ಲ ಅಂತ. 76 ಬಂದರೆ ಸಿಗ್ನಲ್ ಹಿಡಿಯುವ ರಿಸೀವರಿನಲ್ಲೇ ದೋಷ. ಆಗ ಸೆನ್ಸರ್ ಕೊಂಡರೆ ದುಡ್ಡು ದಂಡ.

ಎಚ್ಚರಿಕೆ: 16ನೇ ಪಿನ್ನಿನಲ್ಲಿ ಬ್ಯಾಟರಿಯ 12 ವೋಲ್ಟ್ ಯಾವಾಗಲೂ ಇರುತ್ತದೆ. ಅದಕ್ಕೂ 4ಕ್ಕೂ ವೈರ್ ತಗುಲಿದರೆ ಶಾರ್ಟ್. ಟಾರ್ಚ್ ಬೆಳಕು ಹಾಯಿಸಿ, ಪಿನ್ ಎಣಿಸಿ, ಗಾಡಿ ಆಫ್ ಇರುವಾಗಲೇ ವೈರ್ ಸಿಕ್ಕಿಸಿ.

3. ಯಾವ ಚಕ್ರ?

ಎರಡನೇ ಐಡಿ ಅಂದರೆ ಯಾವ ಮೂಲೆಯ ಚಕ್ರ ಅಂತ ಕೋಡ್ ಹೇಳುವುದಿಲ್ಲ. ಈ ಗಾಡಿಗೆ ನಾಲ್ಕು ನಂಬರ್ ಗೊತ್ತು, ಅವು ಎಲ್ಲಿವೆ ಅಂತ ಗೊತ್ತಿಲ್ಲ. ಪ್ರತಿ ಸಲ ಟೈರ್ ರೊಟೇಷನ್ ಮಾಡಿಸಿದಾಗ ಅವು ಜಾಗ ಬದಲಿಸಿರುತ್ತವೆ. ಇದು ಗೊತ್ತಿಲ್ಲದೆ ಊಹೆಯ ಮೇಲೆ ಟೈರ್ ಬಿಚ್ಚಿಸಿದರೆ ಕೂಲಿ ವ್ಯರ್ಥ.

ಸೆನ್ಸರನ್ನು ಎಬ್ಬಿಸಿ ಮಾತಾಡಿಸುವ ಸಾಧನ ಬೇಕು. ನಾನೂ, ಪಂಪ ಕನ್ನಡ ಕೂಟದಲ್ಲಿ ಪರಿಚಯವಾದ ಪುತ್ತೂರಿನ ಗೆಳೆಯನೂ ಸೇರಿ ಆಟೆಲ್ ಟಿಎಸ್408 ಕೊಂಡೆವು. 120 ಡಾಲರ್, ತಲಾ 60. ಅವನ ಕ್ಯಾಮ್ರಿಗೂ ಇದೇ ರೋಗ. "ಒಬ್ಬನೇ ಯಾಕೆ ತಗೊಳ್ತೀಯ ಮಾರಾಯ, ವರ್ಷಕ್ಕೊಂದು ಸಲ ಬೇಕಾಗುವ ವಸ್ತು" ಅಂದ. ಸರಿಯಾದ ಮಾತು. ನಾಲ್ಕು ಮನೆಯವರು ಸೇರಿ ಕೊಂಡರೆ ಇನ್ನೂ ಒಳ್ಳೆಯದು.

ಸಾಧನದಲ್ಲಿ ಗಾಡಿಯ ಮಾದರಿ, ವರ್ಷ ಆರಿಸಿ, ವಾಲ್ವ್ ಪಕ್ಕದಲ್ಲಿ ಟೈರಿನ ಗೋಡೆಗೆ ಹಿಡಿದು ಬಟನ್ ಒತ್ತುವುದು. ಒಳಗಿನ ಸೆನ್ಸರ್ ಜೀವಂತವಿದ್ದರೆ ಐಡಿ, ಒತ್ತಡ, ಬ್ಯಾಟರಿ ಸ್ಥಿತಿ ಪರದೆಯ ಮೇಲೆ ಬರುತ್ತದೆ. ಮೂರು ಚಕ್ರ ಮಾತಾಡಿದವು. ಬಲ ಹಿಂಬದಿಯದು ಮೌನ. ಗಾಡಿಯನ್ನು ಅರ್ಧ ಚಕ್ರ ಮುಂದೆ ತಳ್ಳಿ, ವಾಲ್ವ್ ಮೇಲೆ ಬರುವಂತೆ ಮಾಡಿ ಮತ್ತೆ ಕೇಳಿದೆ. ಆಗಲೂ ಇಲ್ಲ. ಹಾಗಾದರೆ ಅದೇ.

ಟೊಯೋಟಾದ್ದೇ ತಪಾಸಣಾ ತಂತ್ರಾಂಶ ಟೆಕ್‌ಸ್ಟ್ರೀಮ್ ಕೈಗೆ ಸಿಗುವವರಿಗೆ ಬೇರೆ ದಾರಿ ಇದೆ. ಒಂದು ಟೈರಿನಿಂದ 30 ಸೆಕೆಂಡಿನೊಳಗೆ 6 ಪಿಎಸ್‌ಐಯಷ್ಟು ಗಾಳಿ ಬಿಡಿ. ಒತ್ತಡ ದಿಢೀರ್ ಇಳಿದ ಕೂಡಲೇ ಸೆನ್ಸರ್ ಸಿಗ್ನಲ್ ಕಳಿಸುತ್ತದೆ. ಎರಡು ಮೂರು ನಿಮಿಷ ಕಾದು ಪರದೆಯಲ್ಲಿ ಯಾವ ಐಡಿಯ ಒತ್ತಡ ಇಳಿಯಿತು ನೋಡಿ. ಯಾವ ಚಕ್ರದಲ್ಲಿ ಗಾಳಿ ಬಿಟ್ಟರೂ ಕದಲದ ಐಡಿಯೇ ಸತ್ತದ್ದು.

ಒಂದೇ ಸತ್ತಿದ್ದರೂ ನಾಲ್ಕನ್ನೂ ಬದಲಿಸಲು ತೀರ್ಮಾನಿಸಿದೆ. ನಾಲ್ಕೂ ಒಂದೇ ದಿನ ಗಾಡಿಗೆ ಹತ್ತಿದವು, ಬ್ಯಾಟರಿ ಒಂದೇ ವಯಸ್ಸಿನದು. ಸಾಮಾನ್ಯವಾಗಿ ಇವು ಬಾಳುವುದು 5ರಿಂದ 10 ವರ್ಷ, ನನ್ನವು ಆ ಗಡಿ ದಾಟಿದ್ದವು. ಜನವರಿಯ ಹಿಮದಲ್ಲಿ ಎರಡನೆಯದು ಸತ್ತರೆ ಮತ್ತೆ ಚಕ್ರ ಹೊತ್ತುಕೊಂಡು ಓಡಬೇಕು.

4. ಅಗ್ಗದ ಸೆಟ್: ಕೈಕೊಟ್ಟದ್ದು

ಮೊದಲು ತರಿಸಿದ್ದು ಆನ್‌ಲೈನ್‌ನಲ್ಲಿ ಸಿಕ್ಕ ನಾಲ್ಕರ ಸೆಟ್, 42 ಡಾಲರ್. 'ಟೊಯೋಟಾಗೆ ಹೊಂದುತ್ತದೆ, ಪಿಎಂವಿ-107ಜೆ ಬದಲಿಗೆ' ಅಂತ ಬರೆದಿತ್ತು. ಕಂಪನಿ ಸೆನ್ಸರಿನ ಮೇಲಿರುವ ಹೆಸರೂ ಅದೇ. ಟೈರ್ ಬಿಚ್ಚಿಸುವ ಮೊದಲು ಮೇಜಿನ ಮೇಲೆ ಒಂದೊಂದನ್ನೂ ಸಾಧನದಿಂದ ಮಾತಾಡಿಸಿ ನೋಡಿದೆ. ಒಂದು ಏಳಲೇ ಇಲ್ಲ. ಇನ್ನೊಂದರ ರೇಡಿಯೋ ಆವರ್ತನ 433 ಮೆಗಾಹರ್ಟ್ಸ್ ಅಂತ ತೋರಿಸಿತು. ಅಮೆರಿಕದ ಪ್ರಿಯಸ್ ಕೇಳುವುದು 315ನ್ನು ಮಾತ್ರ. ಅದನ್ನು ಟೈರೊಳಗೆ ಹಾಕಿದ್ದರೆ ಗಾಡಿಗೆ ಅದು ಇದ್ದೂ ಇಲ್ಲದ ಹಾಗೆ.

ನಾಲ್ಕೂ ಸರಿಯಿದ್ದರೂ ಇನ್ನೊಂದು ತೊಡಕು ಉಳಿಯುತ್ತಿತ್ತು. ಅವುಗಳ ಐಡಿ ಕಾರ್ಖಾನೆಯಲ್ಲೇ ಬರೆದದ್ದು, ಬದಲಿಸಲು ಬರುವುದಿಲ್ಲ. ಹೊಸ ನಾಲ್ಕು ಐಡಿಯನ್ನು ಒಬಿಡಿ ಮೂಲಕ ಗಾಡಿಗೆ ಬರೆಯಬೇಕು. ನಮ್ಮ ಟಿಎಸ್408ಕ್ಕೆ ಒಬಿಡಿ ಕೇಬಲ್ಲೇ ಇಲ್ಲ. ಆ ಕೆಲಸಕ್ಕೆ ಟಿಎಸ್508ರಂಥ ದುಬಾರಿ ಸಾಧನ ಬೇಕು, ಇಲ್ಲವೇ ಟೆಕ್‌ಸ್ಟ್ರೀಮ್. ಸೆಟ್ ವಾಪಸ್ ಕಳಿಸಿದೆ, ದುಡ್ಡು ಬಂತು.

ಎರಡನೇ ಸಲ ಕೊಂಡದ್ದು ಆಟೆಲ್‌ನದೇ ಎಂಎಕ್ಸ್ ಸೆನ್ಸರ್. ಖಾಲಿ ಹಲಗೆಯ ಹಾಗೆ ಬರುತ್ತದೆ, ಯಾವ ಐಡಿ ಬೇಕೋ ಬರೆಯಬಹುದು, 315 ಮತ್ತು 433 ಎರಡೂ ನಡೆಯುತ್ತದೆ. ಒಂದಕ್ಕೆ 30 ಡಾಲರ್. ಸೆನ್ಸರ್ ಯಾವ ಬ್ರ್ಯಾಂಡಿನದೇ ಆಗಲಿ, ನಿಮ್ಮ ಸಾಧನ ಅದಕ್ಕೆ ಬರೆಯಬಲ್ಲದೇ ಅಂತ ಮೊದಲು ನೋಡಿ. ಒಂದು ಕಂಪನಿಯ ಸಾಧನ ಹೆಚ್ಚಾಗಿ ತನ್ನ ಸೆನ್ಸರಿಗೆ ಮಾತ್ರ ಬರೆಯುತ್ತದೆ.

ವಾಲ್ವ್ ಎರಡು ಬಗೆ ಸಿಗುತ್ತದೆ: ನಟ್ಟು ಬಿಗಿಯುವ ಅಲ್ಯೂಮಿನಿಯಂ, ಎಳೆದು ಕೂರಿಸುವ ರಬ್ಬರ್. ಟೊಯೋಟಾ ಕೊಟ್ಟದ್ದು ಅಲ್ಯೂಮಿನಿಯಂ. ನಾನು ರಬ್ಬರ್ ಆರಿಸಿದೆ, ಕಾರಣ ಉಪ್ಪು. ಹಳೆಯ ನಟ್ಟುಗಳ ಸುತ್ತ ಬಿಳಿ ಪುಡಿ ಕಟ್ಟಿ, ಒಂದಂತೂ ವಾಲ್ವ್ ಸಮೇತ ಮುರಿದುಕೊಂಡೇ ಬಂತು. ಇಲ್ಲಿ ಇನ್ನೊಂದು ಕಿವಿಮಾತು: ಅಲ್ಯೂಮಿನಿಯಂ ವಾಲ್ವ್ ಇದ್ದರೆ ಒಳಗಿನ ಪಿನ್ ನಿಕಲ್ ಲೇಪದ್ದೇ ಇರಬೇಕು, ಮುಚ್ಚಳ ಪ್ಲಾಸ್ಟಿಕ್ಕಿನದೇ ಇರಬೇಕು. ಹಿತ್ತಾಳೆಯ ಪಿನ್, ಚೆಂದ ಕಾಣುವ ಲೋಹದ ಮುಚ್ಚಳ ಹಾಕಿದರೆ ಉಪ್ಪುನೀರು ಬಿದ್ದು ಎರಡೂ ಅಂಟಿಕೊಳ್ಳುತ್ತವೆ. ಗಾಳಿ ಹೊಡೆಯಲು ಹೋದಾಗ ಮುಚ್ಚಳ ಬಿಚ್ಚಲಾಗದೆ ವಾಲ್ವೇ ಮುರಿಯುತ್ತದೆ.

5. ಟೈರ್ ಬಿಚ್ಚುವುದು: ಮನೆಯಲ್ಲಿ ಆಗಲಿಲ್ಲ

ಗ್ಯಾರೇಜಿನಲ್ಲೇ ಟೈರ್ ಅಂಚು ಬಿಡಿಸಲು ನೋಡಿದೆ. ವಾಲ್ವ್ ಪಿನ್ ತೆಗೆದು ಗಾಳಿ ಪೂರ್ತಿ ಬಿಟ್ಟು, ದೊಡ್ಡ ಸಿ-ಕ್ಲಾಂಪ್ ಎರಡು ಹಾಕಿ ಬಿಗಿದೆ. ಅಂಚು ರಿಮ್ಮಿಗೆ ಕಚ್ಚಿಕೊಂಡಿತ್ತು, ಕದಲಲಿಲ್ಲ. ಅಲಾಯ್ ರಿಮ್ಮಿಗೆ ಗೀರು ಬೀಳಲು ಶುರುವಾಯಿತು. ಅಲ್ಲಿಗೆ ನಿಲ್ಲಿಸಿದೆ. ಇದನ್ನು ಮನೆಯಲ್ಲಿ ಮಾಡುವ ಜನ ಇದ್ದಾರೆ, ಅವರ ಹತ್ತಿರ ಸರಿಯಾದ ಬೀಡ್ ಬ್ರೇಕರ್ ಇರುತ್ತದೆ. ಅದಿಲ್ಲದೆ ಈ ಹಂತದಲ್ಲಿ ಹಟ ಮಾಡುವುದು ಬೇಡ. ಮನೆಯಲ್ಲಿ ಬಿಚ್ಚಿದರೂ ಬ್ಯಾಲೆನ್ಸಿಂಗ್‌ಗೆ ಅಂಗಡಿಗೆ ಹೋಗಲೇಬೇಕು.

ಚಕ್ರಗಳನ್ನು ಮಾತ್ರ ನಾನೇ ಬಿಚ್ಚಿದೆ. 21 ಮಿ.ಮೀ. ಸಾಕೆಟ್, ನೆಲದ ಜ್ಯಾಕ್, ನಾಲ್ಕು ಜ್ಯಾಕ್ ಸ್ಟ್ಯಾಂಡ್. ಜ್ಯಾಕ್ ಒಂದನ್ನೇ ನಂಬಿ ಗಾಡಿಯ ಅಡಿ ಕೈ ಹಾಕಬೇಡಿ. ನಾಲ್ಕು ಚಕ್ರವನ್ನೂ ಗೆಳೆಯನ ವ್ಯಾನಿನಲ್ಲಿ ಹೇರಿಕೊಂಡು ಹೋದೆವು.

ಹೊರಗಿನಿಂದ ತಂದ ಸೆನ್ಸರ್ ಹಾಕುವುದಿಲ್ಲ ಅಂತ ಕೆಲವು ಅಂಗಡಿಗಳು ಮುಖದ ಮೇಲೇ ಹೇಳುತ್ತವೆ. ಅವರ ಗ್ಯಾರಂಟಿ ಲೆಕ್ಕ ಅವರಿಗೆ, ಅದರಲ್ಲಿ ತಪ್ಪಿಲ್ಲ. ಮುಂಚೆಯೇ ಫೋನ್ ಮಾಡಿ ಕೇಳಿ. ಒಬ್ಬರೇ ನಡೆಸುವ ಸಣ್ಣ ಅಂಗಡಿಯವರು ಒಪ್ಪಿದರು: ಬಿಚ್ಚಿ, ಸೆನ್ಸರ್ ಬದಲಿಸಿ, ಮತ್ತೆ ಕೂರಿಸಿ, ಬ್ಯಾಲೆನ್ಸ್ ಮಾಡಲು ಚಕ್ರಕ್ಕೆ 20 ಡಾಲರ್. ಕೆಲಸ ಮಾಡುತ್ತಿರುವ ಸೆನ್ಸರ್ ತೆಗೆದು ಸಾದಾ ವಾಲ್ವ್ ಹಾಕಿಕೊಡುವಂತೆ ಮಾತ್ರ ಯಾರನ್ನೂ ಕೇಳಬೇಡಿ. ವ್ಯವಸ್ಥೆಯನ್ನು ಕೆಡಿಸುವ ಆ ಕೆಲಸ ಅಂಗಡಿಯವರಿಗೆ ಇಲ್ಲಿನ ಫೆಡರಲ್ ಕಾನೂನಿನ ಪ್ರಕಾರ ನಿಷಿದ್ಧ.

ಮಷಿನ್ ಹತ್ತಿರ ನಿಂತು ಒಂದು ಮಾತು ಹೇಳಿ: ಅಂಚು ಒತ್ತುವ ಸಲಿಕೆ ವಾಲ್ವಿನ ಎದುರು ಬದಿಗೆ ಬರಲಿ. ಸೆನ್ಸರ್ ಕೂತಿರುವುದು ವಾಲ್ವಿನ ಬುಡದಲ್ಲೇ. ಅಲ್ಲೇ ಒತ್ತಿದರೆ ಅದು ಪುಡಿಯಾಗುತ್ತದೆ. ಅನುಭವಸ್ಥರಿಗೆ ಇದು ಗೊತ್ತಿರುತ್ತದೆ, ಆದರೂ ಹೇಳಿ.

6. ಐಡಿ ಬರೆದದ್ದು

ಇದೇ ಮುಖ್ಯ ಹಂತ. ಬದುಕಿರುವ ಸೆನ್ಸರಿನ ಐಡಿಯನ್ನು ಹೊರಗಿನಿಂದಲೇ ಸಾಧನ ಓದುತ್ತದೆ. ಸತ್ತದ್ದು ಬಾಯಿ ಬಿಡುವುದಿಲ್ಲ. ಅದರ ಐಡಿ ಸಿಗುವುದು ಎರಡೇ ಕಡೆ, ಗಾಡಿಯ ಕಂಪ್ಯೂಟರಿನಲ್ಲಿ ಮತ್ತು ಸೆನ್ಸರಿನ ಮೈಮೇಲೆ. ಹಾಗಾಗಿ ಮೊದಲು ಬಲ ಹಿಂಬದಿಯ ಟೈರನ್ನೇ ಬಿಚ್ಚಿಸಿದೆ. ಸೆನ್ಸರ್ ಒರೆಸಿ ನೋಡಿದರೆ ಏಳು ಅಕ್ಷರದ ಐಡಿ ಅಚ್ಚಾಗಿತ್ತು. ಇದು ಅಂಕಿಗಳೂ ಎ ಇಂದ ಎಫ್‌ವರೆಗಿನ ಇಂಗ್ಲಿಷ್ ಅಕ್ಷರಗಳೂ ಬೆರೆತ ಸಂಖ್ಯೆ. 8 ಮತ್ತು ಬಿ, 0 ಮತ್ತು ಡಿ ಕಣ್ಣಿಗೆ ಒಂದೇ ಥರ ಕಾಣುತ್ತವೆ. ಫೋಟೋ ತೆಗೆದು ದೊಡ್ಡದು ಮಾಡಿ ಓದಿ.

ಸಾಧನದಲ್ಲಿ ಹೊಸ ಸೆನ್ಸರ್ ಇಟ್ಟು, ಐಡಿಯನ್ನು ಕೈಯಿಂದ ಟೈಪ್ ಮಾಡಿ ಬರೆಯುವ ಆಯ್ಕೆ ಒತ್ತಿದೆ. ಅರ್ಧ ನಿಮಿಷದೊಳಗೆ ಮುಗಿಯಿತು. ಬರೆದ ಮೇಲೆ ಮತ್ತೆ ಓದಿಸಿ ಹೋಲಿಸಿದೆ. ಉಳಿದ ಮೂರಕ್ಕೆ ಟೈಪ್ ಮಾಡಬೇಕಿರಲಿಲ್ಲ, ಹಳೆಯದನ್ನು ಮಾತಾಡಿಸಿ ಹೊಸದಕ್ಕೆ ನಕಲು. ಬರೆಯುವಾಗ ಬೇರೆ ಸೆನ್ಸರ್ ಒಂದೂ ಹತ್ತಿರದಲ್ಲಿರಬಾರದು. ಪೆಟ್ಟಿಗೆಯಲ್ಲಿ ಒಟ್ಟಿಗಿದ್ದ ಇನ್ನೊಂದು ಎದ್ದು ಉತ್ತರ ಕೊಟ್ಟಿದ್ದರಿಂದ ಒಂದು ಸಲ ಸಾಧನ ಗೊಂದಲಕ್ಕೆ ಬಿದ್ದು ದೋಷ ತೋರಿಸಿತು. ಉಳಿದವನ್ನು ವ್ಯಾನಿನಲ್ಲಿಟ್ಟು ಬಂದ ಮೇಲೆ ಸರಿಹೋಯಿತು.

ಪ್ರತಿ ಸೆನ್ಸರಿಗೂ ಚೀಟಿ ಅಂಟಿಸಿ ಚಕ್ರದ ಜಾಗ ಬರೆದೆವು. ಈ ಗಾಡಿಗೆ ಜಾಗ ಮುಖ್ಯವಲ್ಲ, ಆದರೂ ಯಾವ ಹಳೆಯದಕ್ಕೆ ಯಾವ ಹೊಸದು ಅಂತ ಗೊತ್ತಿದ್ದರೆ ಮುಂದೆ ಹುಡುಕಾಟ ತಪ್ಪುತ್ತದೆ.

7. ಕೂರಿಸಿದ್ದು, ಸೋರಿದ್ದು

ರಿಮ್ಮಿನ ವಾಲ್ವ್ ತೂತು 11.5 ಮಿ.ಮೀ. ಅದರ ಸುತ್ತಲಿನ ತುಕ್ಕಿನ ಪುಡಿಯನ್ನು ಚೆನ್ನಾಗಿ ಉಜ್ಜಿ ತೆಗೆಯಬೇಕು. ಸೋಪಿನ ನೀರು ಸವರಿ, ವಾಲ್ವ್ ಎಳೆಯುವ ಕೋಲಿನಿಂದ ನೇರವಾಗಿ ಎಳೆದರೆ ರಬ್ಬರ್ ಟಪ್ಪಂತ ಕೂರುತ್ತದೆ. ಓರೆಯಾಗಿ ಎಳೆದರೆ ರಬ್ಬರ್ ಹರಿಯುತ್ತದೆ. ಸೆನ್ಸರನ್ನು ವಾಲ್ವಿಗೆ ಹಿಡಿದಿಡುವ ಸಣ್ಣ ಸ್ಕ್ರೂವನ್ನು ಕೈಯಿಂದಲೇ, ಪೆಟ್ಟಿಗೆಯ ಚೀಟಿಯಲ್ಲಿ ಹೇಳಿದ ಬಿಗಿತಕ್ಕೆ ಬಿಗಿಯಿರಿ. ಗಾಳಿ ಗನ್ ಬೇಡವೇ ಬೇಡ. ಹಳೆಯ ಅಲ್ಯೂಮಿನಿಯಂ ಬಗೆಯನ್ನೇ ಹಾಕುವವರಿಗೂ ಅಷ್ಟೇ: ಟೊಯೋಟಾ ಆ ನಟ್ಟಿಗೆ ಕೊಟ್ಟಿರುವ ಬಿಗಿತ 4 ನ್ಯೂಟನ್ ಮೀಟರ್ ಮಾತ್ರ.

ಗಾಳಿ ತುಂಬಿ ವಾಲ್ವಿನ ಬುಡಕ್ಕೆ ಸೋಪಿನ ನೀರು ಬಿಟ್ಟು ನೋಡಿದಾಗ ಎಡ ಮುಂಬದಿಯಲ್ಲಿ ಸಣ್ಣ ಗುಳ್ಳೆ ಬಂತು. ಆ ತೂತಿನ ಅಂಚಿನಲ್ಲಿ ತುಕ್ಕು ಉಳಿದಿತ್ತು. ಮತ್ತೆ ಬಿಚ್ಚಿ, ನುಣ್ಣನೆಯ ಮರಳು ಕಾಗದದಿಂದ ತಿಕ್ಕಿ, ಹೊಸ ರಬ್ಬರ್ ವಾಲ್ವ್ ಹಾಕಿದರು. ಒಮ್ಮೆ ಎಳೆದು ಕೂರಿಸಿದ ರಬ್ಬರನ್ನು ತೆಗೆದು ಮತ್ತೆ ಬಳಸುವಂತಿಲ್ಲ. ಬರೀ ರಬ್ಬರ್ ಬುಡ 3 ಡಾಲರಿಗೆ ಸಿಗುತ್ತದೆ, ಸೆನ್ಸರ್ ಅದೇ ನಡೆಯುತ್ತದೆ. ಅಂಗಡಿಯವರ ಹತ್ತಿರ ಇತ್ತು, ದುಡ್ಡು ಕೇಳಲಿಲ್ಲ. ಈ ಸೋಪಿನ ಪರೀಕ್ಷೆಯನ್ನು ಅಂಗಡಿ ಬಿಡುವ ಮುಂಚೆಯೇ ಮಾಡಿ, ಮನೆಗೆ ಬಂದ ಮೇಲಲ್ಲ.

ಮನೆಯಲ್ಲಿ ಚಕ್ರ ಹಾಕಿ ನಟ್ಟುಗಳನ್ನು ಎದುರು ಬದುರು ಬಿಗಿದೆ, ಟಾರ್ಕ್ ರೆಂಚಿನಿಂದ 76 ಅಡಿ-ಪೌಂಡ್, ಅಂದರೆ 103 ನ್ಯೂಟನ್ ಮೀಟರ್.

8. ದೀಪ ಆರಿತು, ಮತ್ತೆ ಹತ್ತಿತು

ತಣ್ಣಗಿದ್ದಾಗ 35 ಮತ್ತು 33ಕ್ಕೆ ಗಾಳಿ ಸರಿ ಮಾಡಿದೆ. ಸ್ಟೀರಿಂಗ್ ಕೆಳಗೆ ಟೈರ್ ಗುರುತಿನ ರೀಸೆಟ್ ಬಟನ್ ಇದೆ. ಇಗ್ನಿಷನ್ ಆನ್ ಇಟ್ಟು, ದೀಪ ನಿಧಾನಕ್ಕೆ ಮೂರು ಸಲ ಮಿಣುಕುವವರೆಗೆ ಅದನ್ನು ಒತ್ತಿ ಹಿಡಿಯಬೇಕು. ಈ ಬಟನ್ ಬಗ್ಗೆ ಬಹಳ ಜನರಿಗೆ ತಪ್ಪು ತಿಳಿವಳಿಕೆ ಇದೆ. ಇದು ಹೊಸ ಸೆನ್ಸರನ್ನು ಕಲಿಯುವುದಿಲ್ಲ. 'ಈಗಿರುವ ಒತ್ತಡವೇ ಸರಿಯಾದದ್ದು' ಅಂತ ನೆನಪಿಟ್ಟುಕೊಳ್ಳುತ್ತದೆ, ಅಷ್ಟೇ. ಟೈರಿನಲ್ಲಿ 27 ಇರುವಾಗ ದೀಪ ಆರಿಸಲೆಂದು ಇದನ್ನು ಒತ್ತಿದರೆ ಗಾಡಿ 27ನ್ನೇ ಸರಿ ಅಂದುಕೊಳ್ಳುತ್ತದೆ. ಆಮೇಲೆ ಇನ್ನೂ ಎಷ್ಟೋ ಇಳಿಯುವವರೆಗೂ ಎಚ್ಚರಿಸುವುದಿಲ್ಲ. ಇದು ನಿಜವಾಗಿಯೂ ಅಪಾಯ.

ಸ್ವಲ್ಪ ಓಡಿಸಿದ ಮೇಲೆ ದೀಪ ಆರಿತು. ಖುಷಿಯಾಯಿತು. ಮಾರನೇ ದಿನ ಆಫೀಸಿಗೆ ಹೋಗುವಾಗ ಮತ್ತೆ ಹತ್ತಿತು. ಈ ಸಲ ಮಿಣುಕದೆ, ನಿಂತು ಉರಿಯುತ್ತಿತ್ತು. ಅಂದರೆ ಗಾಳಿ ಕಡಿಮೆ. ಪಕ್ಕಕ್ಕೆ ನಿಲ್ಲಿಸಿ ಅಳೆದೆ, ನಾಲ್ಕೂ ಸರಿ. ಸಂಜೆ ಸಾಧನದಿಂದ ನೋಡಿದೆ, ನಾಲ್ಕೂ ಸರಿಯಾದ ಐಡಿ, ಸರಿಯಾದ ಒತ್ತಡ. ಎಲ್ಲ ಸರಿಯಿದ್ದೂ ದೀಪ ಯಾಕೆ?

ಗೆಳೆಯನಿಗೆ ಫೋನ್ ಮಾಡಿದೆ. ಅವನು ಕೇಳಿದ್ದು ಒಂದೇ ಪ್ರಶ್ನೆ: "ಹಳೇದನ್ನೆಲ್ಲ ಎಲ್ಲಿಟ್ಟಿದ್ದಿ?"

ಡಿಕ್ಕಿಯಲ್ಲಿ, ಪ್ಲಾಸ್ಟಿಕ್ ಚೀಲದಲ್ಲಿ. ಅವುಗಳಲ್ಲಿ ಮೂರು ಇನ್ನೂ ಜೀವಂತ. ಅದೇ ಐಡಿ, ಆದರೆ ಹೊರಗಿರುವುದರಿಂದ ಒತ್ತಡ ಸೊನ್ನೆ. ಗಾಡಿಗೆ ಒಂದೇ ಹೆಸರಿನಲ್ಲಿ ಎರಡು ಸುದ್ದಿ: ಚಕ್ರದೊಳಗಿನದು 35 ಅನ್ನುತ್ತದೆ, ಡಿಕ್ಕಿಯದು 0 ಅನ್ನುತ್ತದೆ. ಚೀಲ ತೆಗೆದು ಮನೆಯ ನೆಲಮಾಳಿಗೆಗೆ ಒಯ್ದೆ. ಮುಂದಿನ ಸಲ ಓಡಿಸಿದಾಗ ದೀಪ ಆರಿತು, ಇವತ್ತಿನವರೆಗೂ ಹತ್ತಿಲ್ಲ. ಐಡಿ ನಕಲು ಮಾಡುವವರು ಈ ಒಂದು ವಿಷಯ ಮರೆಯಬಾರದು: ಹಳೆಯ ಜೀವಂತ ಸೆನ್ಸರುಗಳನ್ನು ಗಾಡಿಯಿಂದ ದೂರ ಇಡಿ.

9. ಬ್ಯಾಟರಿ ಮಾತ್ರ ಬದಲಿಸಬಹುದೇ?

ಕೇಳುವವರು ತುಂಬ ಇರುತ್ತಾರೆ, ಅದಕ್ಕೇ ಸತ್ತ ಸೆನ್ಸರನ್ನು ಬಿಚ್ಚಿ ನೋಡಿದೆ. ಒಳಗೆಲ್ಲ ರಾಳದಂಥ ಅಂಟು ತುಂಬಿ ಗಟ್ಟಿಯಾಗಿದೆ. ಬಿಸಿ ಗಾಳಿ ಕೊಟ್ಟು, ಚಾಕುವಿನಿಂದ ಕೆರೆದು ಕೆರೆದು ಸೆಲ್ ತನಕ ಹೋದೆ. ಸೆಲ್ಲಿನ ಕಾಲುಗಳನ್ನು ಬೋರ್ಡಿಗೆ ಬೆಸೆದಿದ್ದಾರೆ. ಅದನ್ನು ಕತ್ತರಿಸಿ, ಕಾಲಿರುವ ಹೊಸ ಸೆಲ್ ಬೆಸುಗೆ ಹಾಕಿದೆ. ಸಾಧನ ಹಿಡಿದರೆ ಸೆನ್ಸರ್ ಎದ್ದು ಐಡಿ ಹೇಳಿತು! ಮೇಜಿನ ಮೇಲೆ ಕೆಲಸ ಆಯಿತು.

ಆದರೆ ಅದನ್ನು ಚಕ್ರಕ್ಕೆ ಹಾಕಲಿಲ್ಲ. ಲೆಕ್ಕ ಹಾಕಿ ನೋಡಿ. ಗಂಟೆಗೆ 100 ಕಿ.ಮೀ. ವೇಗದಲ್ಲಿ ಈ ಟೈರ್ ಸೆಕೆಂಡಿಗೆ 14 ಸುತ್ತು ತಿರುಗುತ್ತದೆ. ರಿಮ್ಮಿನ ಅಂಚಿನಲ್ಲಿ ಕೂತ 30 ಗ್ರಾಂ ಸೆನ್ಸರಿಗೆ 4 ಕಿಲೋ ತೂಕ ನೇತುಹಾಕಿದಷ್ಟು ಎಳೆತ ಬೀಳುತ್ತದೆ. ಮೇಲೆ ತೇವ, ಬಿಸಿ, ಹಳ್ಳ ದಿಣ್ಣೆ. ನನ್ನ ಬೆಸುಗೆ, ನಾನು ಸುರಿದ ಅಂಟು ಅದನ್ನು ವರ್ಷಗಟ್ಟಲೆ ತಾಳುತ್ತದೆ ಅಂತ ಹೇಳುವ ಧೈರ್ಯ ನನಗಿಲ್ಲ. ತಾಳದಿದ್ದರೆ ಟೈರ್ ಬಿಚ್ಚಲು ಮತ್ತೆ 20 ಡಾಲರ್. 30 ಡಾಲರಿನ ಹೊಸ ಸೆನ್ಸರ್ ಇರುವಾಗ ಇದು ಬೇಡ.

10. ಖರ್ಚು

ನಾಲ್ಕು ಸೆನ್ಸರಿಗೆ 120, ಅಂಗಡಿ ಕೂಲಿ 80, ಸಾಧನದಲ್ಲಿ ನನ್ನ ಪಾಲು 60. ಒಟ್ಟು 260 ಡಾಲರ್. ಡೀಲರ್ ಹೇಳಿದ್ದು 660. ಒಂದೇ ಸೆನ್ಸರ್ ಬದಲಿಸುವವರಿಗೆ ಮಾತ್ರ ಈ ಲೆಕ್ಕ ಅಷ್ಟು ಒಳ್ಳೆಯದಲ್ಲ. 30, 20, 60 ಕೂಡಿಸಿದರೆ 110, ಅಲ್ಲಿ 165. ಸಾಧನವನ್ನು ಯಾರಿಂದಾದರೂ ಎರವಲು ಪಡೆದರೆ ಉಳಿತಾಯ ನಿಜ. ಹೊಸ ಟೈರ್ ಹಾಕಿಸುವ ದಿನವೇ ಸೆನ್ಸರನ್ನೂ ಬದಲಿಸಿದರೆ ಕೂಲಿಯೂ ಉಳಿಯುತ್ತದೆ, ಹೇಗಿದ್ದರೂ ಟೈರ್ ಬಿಚ್ಚಿರುತ್ತಾರಲ್ವಾ.

11. ಬೇರೆ ಗಾಡಿಯವರಿಗೆ

ಜನರಲ್ ಮೋಟರ್ಸ್‌ನ ಬಹಳಷ್ಟು ಗಾಡಿಗಳಿಗೆ ನಕಲಿನ ಅಗತ್ಯವೇ ಇಲ್ಲ. ಗಾಡಿಯನ್ನು ಕಲಿಯುವ ಸ್ಥಿತಿಗೆ ತಂದು, ಇಎಲ್-50448 ಎಂಬ ಸಣ್ಣ ಸಾಧನವನ್ನು ಎಡ ಮುಂದೆ, ಬಲ ಮುಂದೆ, ಬಲ ಹಿಂದೆ, ಎಡ ಹಿಂದೆ ಈ ಕ್ರಮದಲ್ಲಿ ಹಿಡಿದರೆ ಸಾಕು. ಪ್ರತಿ ಚಕ್ರ ಕಲಿತಾಗ ಹಾರ್ನ್ ಕೂಗುತ್ತದೆ. ಹ್ಯುಂಡೈ, ಕಿಯಾದ ಬಹಳಷ್ಟು ಮಾದರಿಗಳು ಸ್ವಲ್ಪ ದೂರ ಓಡಿಸಿದರೆ ತಾವೇ ಕಲಿಯುತ್ತವೆ. 2013ರಿಂದ 2017ರವರೆಗಿನ ಹೋಂಡಾ ಅಕಾರ್ಡ್‌ನಲ್ಲಿ ಟೈರೊಳಗೆ ಸೆನ್ಸರ್ರೇ ಇಲ್ಲ, ಚಕ್ರ ತಿರುಗುವ ವೇಗ ನೋಡಿ ಒತ್ತಡ ಊಹಿಸುತ್ತದೆ. ಅಂಥ ಗಾಡಿಗೆ ಸೆನ್ಸರ್ ಕೊಳ್ಳಲು ಹೋಗಬೇಡಿ. ದೀಪ ಹತ್ತಿದರೆ ಗಾಳಿ ಸರಿ ಮಾಡಿ ರೀಸೆಟ್ ಮಾಡಿದರೆ ಮುಗಿಯಿತು.

ಊರಿನಿಂದ ಭಾವ ಕೇಳಿದರು, "ಅಲ್ಲಿ ಅಗ್ಗಕ್ಕೆ ಸಿಕ್ಕರೆ ನಮ್ಮ ಕ್ರೆಟಾಗೂ ನಾಲ್ಕು ತನ್ನಿ." ತರಬಾರದು. ಇಂಡಿಯಾದ ಗಾಡಿಗಳು ಕೇಳುವುದು 433 ಮೆಗಾಹರ್ಟ್ಸ್. ಇಲ್ಲಿ ಸಿಗುವ 315ರ ಸೆನ್ಸರ್ ಅಲ್ಲಿ ಮೂಕ. ಸೆನ್ಸರ್ ಇಲ್ಲದೆ ಬಂದ ಗಾಡಿಯವರಿಗೆ ಅಲ್ಲಿ ವಾಲ್ವ್ ಮುಚ್ಚಳದ ಜಾಗಕ್ಕೆ ತಿರುಗಿಸಿ ಹಾಕುವ ಸೆನ್ಸರ್, ಬಿಸಿಲಲ್ಲಿ ಚಾರ್ಜ್ ಆಗುವ ಪುಟ್ಟ ಪರದೆ ಇರುವ ಸೆಟ್ ಸಿಗುತ್ತದೆ. ಟೈರ್ ಬಿಚ್ಚುವ ಕೆಲಸವಿಲ್ಲ, ಸೆಲ್ ನಾವೇ ಬದಲಿಸಬಹುದು. ಹಳೆಯ, ಬಿರುಕು ಬಿಟ್ಟ ರಬ್ಬರ್ ವಾಲ್ವಿಗೆ ಮಾತ್ರ ಅದರ ಭಾರ ಹಾಕಬೇಡಿ. ಮೊದಲು ವಾಲ್ವ್ ಹೊಸದು ಮಾಡಿಸಿ. ಸ್ಟೆಪ್ನಿಯಲ್ಲೂ ಗಾಳಿ ಇದೆಯೇ ಅಂತ ಕೈಯಿಂದಲೇ ನೋಡಬೇಕು.

ಮುಂದಿನ ಕೆಲಸ ಹಿಮದ ಟೈರುಗಳದು. ಅದಕ್ಕೆ ಬೇರೆಯದೇ ಒಂದು ಸೆಟ್ ಚಕ್ರ ಇದೆ, ಈಗ ಅದರಲ್ಲಿ ಸಾದಾ ವಾಲ್ವ್. ಅವಕ್ಕೂ ಇದೇ ನಾಲ್ಕು ಐಡಿ ನಕಲು ಮಾಡಿದರೆ ನವೆಂಬರಿನಲ್ಲಿ, ಏಪ್ರಿಲ್‌ನಲ್ಲಿ ಚಕ್ರ ಬದಲಿಸುವಾಗ ಗಾಡಿಗೆ ಏನೂ ಹೇಳಬೇಕಿಲ್ಲ. ಬಿಚ್ಚಿಟ್ಟ ಚಕ್ರಗಳನ್ನು ಗ್ಯಾರೇಜಿನಲ್ಲಿ ಗಾಡಿ ಪಕ್ಕ ಇಡುವ ಬದಲು ಹಿತ್ತಲಿನ ಶೆಡ್ಡಿನಲ್ಲಿ ಇಡಬೇಕು. ಐಡಿಗಳ ಪಟ್ಟಿಯನ್ನು ಸರ್ವಿಸ್ ಪುಸ್ತಕದ ಒಳ ರಟ್ಟಿಗೆ ಅಂಟಿಸಿದ್ದೇನೆ.